ಬಟ್ಟೆಯ ಮೇಲೆ ಬೆಳಕು: ಇಳಕಲ್ ಸೀರೆಯಿಂದ ಬಳ್ಳಾರಿ ಜೀನ್ಸ್‌ವರೆಗೆ, ಬಣ್ಣ ಇದ್ದ ಹಾಗೆ ತೋರಿಸುವ ಸಮಗ್ರ ಮಾರ್ಗದರ್ಶಿ

“ಫೋಟೋದಾಗ ಒಂದು ಬಣ್ಣ, ಕೈಯಾಗ ಒಂದು ಬಣ್ಣ.” ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಮಾರುವವರು ಈ ಮಾತು ಕೇಳಿಯೇ ಇರುತ್ತಾರೆ. ಸೀರೆ ವಾಪಸ್ ಬರುತ್ತದೆ, ಕೊರಿಯರ್ ಖರ್ಚು ಮೈಮೇಲೆ ಬೀಳುತ್ತದೆ, ಗಿರಾಕಿಯ ನಂಬಿಕೆಯೂ ಹೋಗುತ್ತದೆ. ಆಗ ಹೆಚ್ಚಿನವರು ಹೊಸ ಫೋನ್ ಕೊಳ್ಳುತ್ತಾರೆ, ಇಲ್ಲವೇ ಇನ್ನೊಂದು ಲೈಟ್ ತರುತ್ತಾರೆ. ದುಡ್ಡು ಖರ್ಚು ಮಾಡುವ ಮುಂಚೆ ಬಟ್ಟೆಯನ್ನೇ ಒಮ್ಮೆ ಸರಿಯಾಗಿ ನೋಡಿ ಅಂತ ನನ್ನ ಮಾತು. ನೇಯ್ದ ಬಟ್ಟೆಯ ಬಣ್ಣ ಒಂದೇ ಕಡೆ ನಿಂತಿರುವುದಿಲ್ಲ. ಬೆಳಕು ಎತ್ತಲಿಂದ ಬಿತ್ತು, ನೂಲು ಎತ್ತ ಮಲಗಿದೆ, ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬ ಮೂರರಿಂದ ಅದು ಬದಲಾಗುತ್ತದೆ. ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದು ನೂಲಿಗೆ ಯಾವ ದಿಕ್ಕಿನಿಂದ ಬಿದ್ದಿದೆ ಎನ್ನುವುದೇ ಮುಖ್ಯ.

ಕೊಪ್ಪಳದ ಪಕ್ಕದ ಭಾಗ್ಯನಗರದ ನೇಕಾರರು, ಕುಷ್ಟಗಿ ತಾಲ್ಲೂಕಿನಲ್ಲಿ ಇಳಕಲ್ ಸೀರೆ ನೇಯುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ರಾಯಚೂರಿನ ಬಟ್ಟೆ ಅಂಗಡಿಯವರು ಯಾರು ಬೇಕಾದರೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಮೊಬೈಲ್ ಫೋನ್ ಬೇಕು: ಒಂದು ಫೋಟೋಗೆ, ಇನ್ನೊಂದು ಟಾರ್ಚ್‌ಗೆ. ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಒಂದು ಬಿಳಿ ಪಂಚೆ ಇಟ್ಟುಕೊಳ್ಳಿ. ಪರೀಕ್ಷೆಗೆ ಇಳಕಲ್ ಸೀರೆ, ಜೀನ್ಸ್ ಪ್ಯಾಂಟ್, ಡಬಲ್ ಕಲರ್ ಬಟ್ಟೆಯ ತುಂಡು ಇದ್ದರೆ ಸಾಕು.

ಮೊದಲು ಒಂದಿಷ್ಟು ತಿಳಿವಳಿಕೆ: ಎಳೆಯಲ್ಲಿ ಏನಾಗುತ್ತದೆ

ಎಳೆಯ ಮೇಲೆ ಬಿದ್ದ ಬೆಳಕು ಎರಡು ಪಾಲಾಗುತ್ತದೆ. ಒಂದು ಪಾಲು ಮೇಲ್ಮೈಯಿಂದಲೇ ಪುಟಿದು ವಾಪಸ್ ಹೋಗುತ್ತದೆ. ಬೆಳಕು ನೇರವಾಗಿ ಬಿದ್ದಾಗ ಇದು ಸುಮಾರು 4 ಶೇಕಡ ಮಾತ್ರ. ಓರೆಯಾದಷ್ಟೂ ಜಾಸ್ತಿಯಾಗುತ್ತದೆ. ಈ ಪಾಲು ಎಳೆಯೊಳಗಿನ ಬಣ್ಣವನ್ನು ಮುಟ್ಟಿಯೇ ಇಲ್ಲ. ಹಾಗಾಗಿ ಸೀರೆ ಕೆಂಪಿರಲಿ ಹಸಿರಿರಲಿ, ಈ ಹೊಳಪಿಗೆ ದೀಪದ ಬಣ್ಣವೇ ಇರುತ್ತದೆ. ಉಳಿದ ಪಾಲು ಎಳೆಯೊಳಗೆ ಇಳಿಯುತ್ತದೆ. ಅಲ್ಲಿ ಬಣ್ಣ ಒಂದಿಷ್ಟು ಬೆಳಕನ್ನು ನುಂಗುತ್ತದೆ, ಮಿಕ್ಕಿದ್ದು ಎಳೆಯಿಂದ ಎಳೆಗೆ ಹಾದು ಎಲ್ಲ ದಿಕ್ಕಿಗೂ ಚದುರಿ ಹೊರಗೆ ಬರುತ್ತದೆ. ಬಟ್ಟೆಯ ಬಣ್ಣ ಅಂತ ನಾವು ಕರೆಯುವುದು ಇದನ್ನೇ. ಫೋಟೋದಲ್ಲಿ ಸೀರೆ ಬಿಳಿಚಿಕೊಂಡು ಕಂಡರೆ ಮೊದಲನೇ ಪಾಲು ಎರಡನೆಯದರ ಮೇಲೆ ಕೂತಿದೆ ಅಂತ ಅರ್ಥ. ಮುಂದೆ ಮಾಡುವುದೆಲ್ಲ ಈ ಎರಡು ಪಾಲುಗಳನ್ನು ಬೇರೆ ಮಾಡುವ ಕೆಲಸ.

ಜರಿ ಮಾತ್ರ ಬೇರೆ ಜಾತಿ. ಅದರ ಮೈ ಲೋಹದ್ದು. ಲೋಹದೊಳಗೆ ಬೆಳಕು ಇಳಿಯುವುದಿಲ್ಲ, ಪುಟಿಯುವ ಬೆಳಕಿಗೇ ಲೋಹದ ಬಣ್ಣ ಬರುತ್ತದೆ. ಜರಿಯಿಂದ ಹೊಳಪು ತೆಗೆದರೆ ಅದರ ಬಣ್ಣವನ್ನೇ ತೆಗೆದ ಹಾಗೆ.

ಎಳೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ರಾಯಚೂರು ಮಾರುಕಟ್ಟೆಗೆ ಬರುವ ಹತ್ತಿಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ತಿರುಚಿದ ಚಪ್ಪಟೆ ಪಟ್ಟಿಯ ಹಾಗೆ ಕಾಣುತ್ತದೆ. ಉದ್ದ 2ರಿಂದ 4 ಸೆಂಟಿಮೀಟರ್ ಅಷ್ಟೇ. ಇಂಥ ಸಾವಿರಾರು ತುಂಡು ಎಳೆಗಳನ್ನು ಸೇರಿಸಿ ನೂಲು ತೆಗೆದಾಗ ಮೈತುಂಬ ಜುಂಗು ಉಳಿಯುತ್ತದೆ. ಬೆಳಕು ಎಲ್ಲೆಲ್ಲೋ ಚದುರುತ್ತದೆ, ಬಟ್ಟೆ ಮಂದವಾಗಿ ಕಾಣುತ್ತದೆ. ಹತ್ತಿಯ ಎಳೆಗೆ ಸ್ವಂತ ಬಿಳಿ ಬಣ್ಣವೇನೂ ಇಲ್ಲ, ಅದು ಬಹುಮಟ್ಟಿಗೆ ಪಾರದರ್ಶಕ. ಚದುರಿದ ಬೆಳಕೇ ಬೆಳ್ಳಗೆ ಕಾಣುವುದು. ರೇಷ್ಮೆ ಇದಕ್ಕೆ ತದ್ವಿರುದ್ಧ. ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಒಂದೇ ಎಳೆ ಸಿಗುತ್ತದೆ, ಅದರ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನ. ಮೇಲಿನ ಅಂಟು ತೆಗೆದ ಮೇಲೆ ನುಣುಪಾದ ಆ ಮುಖಗಳು ಬೆಳಕನ್ನು ಒಂದೇ ಕಡೆ ಕಳಿಸುತ್ತವೆ. ಚಮಕಾ ಅಂತ ಕರೆಯುವ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಕೂಡ ಉದ್ದನೆಯ ನುಣುಪು ಎಳೆಯೇ. ಮರ್ಸರೈಸ್ಡ್ ಹತ್ತಿ ಇವೆರಡರ ನಡುವೆ ನಿಲ್ಲುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಕಾಸ್ಟಿಕ್ ಸೋಡಾದಲ್ಲಿ ಚಪ್ಪಟೆ ಎಳೆ ಉಬ್ಬಿ ದುಂಡಗಾಗುತ್ತದೆ. ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಮಾಡಿದರೆ ಹೊಳಪು ಬರುತ್ತದೆ ಅಂತ ಹೊರೇಸ್ ಲೋ ಎಂಬವರು ಆಮೇಲೆ ತೋರಿಸಿಕೊಟ್ಟರು.

ಹಂತ 1: ಹಾಸು ಯಾವುದು, ಹೊಕ್ಕು ಯಾವುದು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅದನ್ನು ಅಡ್ಡ ದಾಟುವ ನೂಲು ಹೊಕ್ಕು. ಸೀರೆಯಲ್ಲಿ ದಡಿ ಓಡುವ ದಿಕ್ಕೇ ಹಾಸಿನ ದಿಕ್ಕು. ಒಂದು ದಡಿಯಿಂದ ಇನ್ನೊಂದು ದಡಿಗೆ ಲಾಳಿ ಹೋದ ದಾರಿ ಹೊಕ್ಕು. ಜೀನ್ಸ್‌ನಲ್ಲಿ ನೀಲಿ ನೂಲು ಹಾಸು, ಬಿಳಿ ನೂಲು ಹೊಕ್ಕು. ಸೊಂಟದಿಂದ ಪಾದದ ಕಡೆಗೆ ಇಳಿಯುವುದು ಹಾಸು. ದಡಿಯಿಲ್ಲದ ತುಂಡು ಬಟ್ಟೆಯಾದರೆ ಎರಡೂ ಕಡೆಯಿಂದ ಒಂದೊಂದು ನೂಲು ಬಿಡಿಸಿ ನೋಡಿ. ಸಾಮಾನ್ಯವಾಗಿ ಹಾಸಿನ ನೂಲಿಗೆ ಹುರಿ ಜಾಸ್ತಿ, ಗಟ್ಟಿಯೂ ಹೌದು. ಮಗ್ಗದ ಎಳೆತ ತಡೆಯಬೇಕಲ್ವಾ.

ಈಗ ಭೂತಗನ್ನಡಿ ಹಿಡಿದು ಒಂದು ನೂಲನ್ನು ಹಿಂಬಾಲಿಸಿ. ಅದು ಅಡಿಗೆ ಮುಳುಗದೆ ಎಷ್ಟು ನೂಲುಗಳ ಮೇಲೆ ಹಾದು ಹೋಗುತ್ತದೆ? ಒಂದು ಮೇಲೆ ಒಂದು ಕೆಳಗೆ ಹೋದರೆ ಸಾದಾ ನೇಯ್ಗೆ. ಮೂರು ಮೇಲೆ ಒಂದು ಕೆಳಗೆ ಹೋಗುತ್ತ, ಪ್ರತಿ ಸಾಲಿಗೂ ಒಂದು ನೂಲು ಪಕ್ಕಕ್ಕೆ ಸರಿದರೆ ಟ್ವಿಲ್. ಜೀನ್ಸ್‌ನ ಓರೆ ಗೆರೆ ಹುಟ್ಟುವುದು ಹೀಗೆ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ನೂಲುಗಳ ಮೇಲೆ ತೇಲಿದರೆ ಸ್ಯಾಟಿನ್. ನೂಲು ಮೇಲೆ ನೇರವಾಗಿ ತೇಲಿದಷ್ಟೂ ಹೊಳಪು ಒಟ್ಟಾಗುತ್ತದೆ. ಸಾದಾ ನೇಯ್ಗೆಯಲ್ಲಿ ನೂಲು ಹೆಜ್ಜೆ ಹೆಜ್ಜೆಗೂ ಬಾಗುತ್ತದೆ, ಹಾಗಾಗಿ ಹೊಳಪು ಚೂರು ಚೂರಾಗುತ್ತದೆ. ಒಂದೇ ರೇಷ್ಮೆ ನೂಲಿನಿಂದ ಮಂದ ಬಟ್ಟೆಯನ್ನೂ ನೇಯಬಹುದು, ಕಣ್ಣು ಕೋರೈಸುವ ಬಟ್ಟೆಯನ್ನೂ ನೇಯಬಹುದು.

ಹಂತ 2: ಕತ್ತಲೆ ಕೋಣೆಯಲ್ಲಿ ಟಾರ್ಚ್ ಪರೀಕ್ಷೆ

ಇದಕ್ಕೆ ಅವಸರ ಮಾಡಬೇಡಿ. ಸಂಜೆಯಾದ ಮೇಲೆ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಮೇಜಿನ ಮೇಲೆ ಸಪಾಟಾಗಿ ಹಾಸಿ. ಒಂದು ಫೋನನ್ನು ನೇರ ಮೇಲಿನಿಂದ ಬಟ್ಟೆ ನೋಡುವಂತೆ ಹಿಡಿಯಿರಿ. ಇನ್ನೊಂದರ ಟಾರ್ಚನ್ನು ಮೊಳದಷ್ಟು ದೂರದಲ್ಲಿ, ಮೇಜಿನಿಂದ ಸುಮಾರು 45 ಡಿಗ್ರಿ ಎತ್ತರದಿಂದ ಒಂದೇ ಕಡೆ ಬೀಳಿಸಿ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ. ಇಲ್ಲದಿದ್ದರೆ ಫೋನ್ ತಾನೇ ಬೆಳಕು ಹೆಚ್ಚು ಕಡಿಮೆ ಮಾಡಿ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ.

ಒಂದು ಫೋಟೋ ತೆಗೆಯಿರಿ. ಟಾರ್ಚನ್ನೂ ಕ್ಯಾಮೆರಾವನ್ನೂ ಅಲ್ಲಾಡಿಸದೆ ಬಟ್ಟೆಯನ್ನು ಮಾತ್ರ ಕಾಲು ಸುತ್ತು ತಿರುಗಿಸಿ, ಇನ್ನೊಂದು ತೆಗೆಯಿರಿ. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಸಾದಾ ಹತ್ತಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಹಾಸಿನ ನೂಲು ರೇಷ್ಮೆ ಅಥವಾ ಚಮಕಾ ಆಗಿದ್ದರೆ ಎರಡು ಬೇರೆ ಬಟ್ಟೆ ಅನ್ನಿಸುವಷ್ಟು ವ್ಯತ್ಯಾಸ ಬರುತ್ತದೆ.

ಕಾರಣ ಹೀಗಿದೆ. ದುಂಡನೆಯ ಎಳೆಗೆ ಬಡಿದ ಬೆಳಕು ಕನ್ನಡಿಯಿಂದ ಪುಟಿದ ಹಾಗೆ ಒಂದೇ ಗೆರೆಯಾಗಿ ಹೋಗುವುದಿಲ್ಲ. ಎಳೆಯನ್ನು ಅಕ್ಷವಾಗಿ ಇಟ್ಟುಕೊಂಡು ಶಂಕುವಿನ ಆಕಾರದಲ್ಲಿ ಹರಡುತ್ತದೆ. ಎಳೆಯ ಉದ್ದಕ್ಕೆ ಬೆಳಕು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ, ಎಳೆಯ ಸುತ್ತ ಮಾತ್ರ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಎಣ್ಣೆ ಹಚ್ಚಿ ಬಾಚಿದ ಕೂದಲನ್ನು ನೋಡಿ. ಕೂದಲು ಮೇಲಿನಿಂದ ಕೆಳಗೆ ಇಳಿದಿರುತ್ತದೆ, ಹೊಳಪಿನ ಪಟ್ಟಿ ಮಾತ್ರ ಅಡ್ಡಲಾಗಿ ಬಿದ್ದಿರುತ್ತದೆ. ಭಾಗ್ಯನಗರದಲ್ಲಿ ಮಗ್ಗದ ಕೆಲಸದ ಜೊತೆ ಕೂದಲು ಸಂಸ್ಕರಿಸುವ ಕೆಲಸವೂ ನಡೆಯುತ್ತದೆ. ಬಾಚಿ ಕಟ್ಟಿಟ್ಟ ಕೂದಲ ಕಟ್ಟುಗಳಲ್ಲಿ ಇದನ್ನು ಚೆನ್ನಾಗಿ ಗಮನಿಸಬಹುದು. ಕಂಪ್ಯೂಟರ್‌ನಲ್ಲಿ ಕೂದಲು, ಬಟ್ಟೆ ಚಿತ್ರಿಸುವವರೂ ಇದೇ ಲೆಕ್ಕ ಹಿಡಿದು ಹೊರಟವರು. 1989ರಲ್ಲಿ ಕಜಿಯ ಮತ್ತು ಕೇ ಎಂಬ ಇಬ್ಬರು ಪ್ರಕಟಿಸಿದ ತುಪ್ಪಳದ ಮಾದರಿಯಲ್ಲಿ ಈ ಶಂಕುವೇ ಆಧಾರ.

ಇದರಿಂದ ಕೈಗೆ ಸಿಗುವ ನಿಯಮ ಇಷ್ಟು. ಕ್ಯಾಮೆರಾ ನೇರ ಮೇಲಿದ್ದಾಗ, ಬೆಳಕಿನ ದಾರಿಗೆ ಅಡ್ಡ ಮಲಗಿದ ನೂಲು ಕ್ಯಾಮೆರಾಗೆ ಹೊಳೆಯುತ್ತದೆ. ಬೆಳಕಿನ ದಾರಿಯ ಉದ್ದಕ್ಕೇ ಮಲಗಿದ ನೂಲು ತನ್ನ ಹೊಳಪನ್ನು ಆಚೆ ದಾಟಿಸಿಬಿಡುತ್ತದೆ, ಕ್ಯಾಮೆರಾಗೆ ಬಣ್ಣವಷ್ಟೇ ಸಿಗುತ್ತದೆ. ಹಾಸು ರೇಷ್ಮೆಯಾಗಿದ್ದರೆ ಹೊಳಪು ತೋರಿಸಲು ದಡಿಯ ಕಡೆಯಿಂದ ಬೆಳಕು ಬಿಡಿ. ಬಣ್ಣ ತೋರಿಸಲು ಸೀರೆಯ ಉದ್ದದ ಕಡೆಯಿಂದ ಬಿಡಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಫೋಟೋ ತೆಗೆಯುವ ಜಾಗದಲ್ಲಿ ಅಂಟಿಸಿ.

ಬಟ್ಟೆಗೆ ರಿಂಗ್ ಲೈಟ್ (ಫೋನಿನ ಸುತ್ತ ಉಂಗುರದ ಹಾಗೆ ಉರಿಯುವ ದೀಪ) ಬೇಡ ಅಂತ ನಾನು ಹೇಳುವುದೂ ಇದೇ ಕಾರಣಕ್ಕೆ. ಅದರ ಬೆಳಕು ಕ್ಯಾಮೆರಾದ ದಿಕ್ಕಿನಿಂದಲೇ ಬರುತ್ತದೆ. ಆಗ ಹಾಸೂ ಹೊಕ್ಕೂ ಎರಡೂ ಬೆಳಕಿಗೆ ಅಡ್ಡ ಬೀಳುತ್ತವೆ. ಎರಡರ ಹೊಳಪೂ ನೇರ ವಾಪಸ್ ಬಂದು ಬಣ್ಣದ ಮೇಲೆ ಬಿಳಿ ಪೊರೆ ಎಳೆಯುತ್ತದೆ. ಮುಖಕ್ಕೆ ಅದು ಚೆನ್ನ, ರೇಷ್ಮೆಗೆ ಅಲ್ಲ. ಫೋನಿನ ಫ್ಲ್ಯಾಶ್ ಕೂಡ ಹಾಗೆಯೇ.

ಹಂತ 3: ಟಾರ್ಚನ್ನು ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ಒಯ್ಯಿರಿ

ಟಾರ್ಚನ್ನು ಮೇಜಿಗೆ ತಾಗುವಷ್ಟು ಕೆಳಗೆ ತನ್ನಿ. ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಾಗ ಪ್ರತಿ ನೂಲಿಗೂ ನೆರಳು ಬರುತ್ತದೆ. ಗಂಟು, ಕಸೂತಿಯ ಉಬ್ಬು, ನೇಯ್ಗೆಯಲ್ಲಿ ತಪ್ಪಿದ ಎಳೆ ಎಲ್ಲ ಎದ್ದು ಕಾಣುತ್ತವೆ. ಬಟ್ಟೆ ಕೊಳ್ಳುವಾಗ ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಣ್ಣ ನೋಡಲು ಮಾತ್ರ ಇದು ಬೇಡ, ಓರೆ ಬೆಳಕಿನಲ್ಲಿ ಮೇಲ್ಮೈ ಹೊಳಪು ಹೆಚ್ಚುತ್ತದೆ.

ಆಮೇಲೆ ಬಟ್ಟೆಯನ್ನು ಎತ್ತಿ ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ನೂಲುಗಳ ನಡುವಿನ ಸಂದು, ಬಟ್ಟೆ ಎಷ್ಟು ತೆಳು ಅನ್ನುವುದು ತಿಳಿಯುತ್ತದೆ. ತೆಳು ಸೀರೆಗೆ ಅಡಿಯಲ್ಲಿ ಯಾವ ಬಣ್ಣ ಹಾಸಿದ್ದೀರಿ ಎನ್ನುವುದೂ ಫೋಟೋದಲ್ಲಿ ಬರುತ್ತದೆ. ಅದಕ್ಕೇ ಅಡಿಗೆ ಯಾವಾಗಲೂ ಬಿಳಿ ಪಂಚೆ ಹಾಕಿ.

ಅಂದಹಾಗೆ, ಒದ್ದೆ ಬಟ್ಟೆಯ ಫೋಟೋ ತೆಗೆಯಬೇಡಿ. ಅರೆಬರೆ ಒಣಗಿದ್ದೂ ಬೇಡ. ಎಳೆಗಳ ನಡುವೆ ಗಾಳಿ ಇದ್ದರೆ ಬೆಳಕು ಚೆನ್ನಾಗಿ ಚದುರುತ್ತದೆ. ಅಲ್ಲಿ ನೀರು ತುಂಬಿಕೊಂಡರೆ ಚದುರುವುದು ಕಡಿಮೆಯಾಗುತ್ತದೆ. ಬೆಳಕು ಇನ್ನೂ ಆಳಕ್ಕೆ ಇಳಿದು ಬಣ್ಣಕ್ಕೆ ಸಿಕ್ಕಿ ನುಂಗಿಹೋಗುತ್ತದೆ. ಒದ್ದೆ ಜೀನ್ಸ್ ಕಡುನೀಲಿಯಾಗಿ ಕಾಣುವುದು ಇದರಿಂದಲೇ. ವಾಶಿಂಗ್ ಘಟಕದಲ್ಲಿ ಶೇಡ್ ಹೋಲಿಸುವವರು ಪೂರ್ತಿ ಒಣಗುವ ತನಕ ಕಾಯಲೇಬೇಕು.

ಹಂತ 4: ನಮ್ಮ ಬಿಸಿಲಿಗೆ ತಕ್ಕ ಜಾಗ ಹುಡುಕಿ

ಟಾರ್ಚ್ ಕಲಿಯುವುದಕ್ಕೆ. ಮಾರುವ ಫೋಟೋಗೆ ಹಗಲು ಬೆಳಕೇ ಬೇಕು. ಹಾಗಂತ ಮಾಳಿಗೆ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಸೀರೆ ಹರಡಬೇಡಿ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಅಷ್ಟೇ. ಅಷ್ಟು ಸಣ್ಣ ಜಾಗದಿಂದ ಅಷ್ಟು ಬೆಳಕು ಬಂದರೆ ಹೊಳಪು ಚುಚ್ಚುತ್ತದೆ, ನೆರಳು ಕಪ್ಪಾಗುತ್ತದೆ. ನೆರಳಿನ ಬಾಗಿಲಿನಿಂದ ಬರುವ ಆಕಾಶದ ಬೆಳಕು ಅಗಲವಾಗಿರುತ್ತದೆ. ಅದು ಹೊಳಪನ್ನು ಹರಡಿ ಮೆತ್ತಗೆ ಮಾಡುತ್ತದೆ, ಆದರೂ ಒಂದೇ ಕಡೆಯಿಂದ ಬರುವುದರಿಂದ ನಮ್ಮ ನಿಯಮ ನಡೆಯುತ್ತದೆ.

ಯುರೋಪಿನ ಕಡೆಯ ಪುಸ್ತಕಗಳಲ್ಲಿ “ಉತ್ತರದ ಕಿಟಕಿ ಹಿಡಿಯಿರಿ” ಅಂತ ಬರೆದಿರುತ್ತಾರೆ. ಅಲ್ಲಿ ಸೂರ್ಯ ನಡು ಮಧ್ಯಾಹ್ನ ಎಂದೂ ಉತ್ತರಕ್ಕೆ ಬರುವುದಿಲ್ಲ. ನಾವಿರುವುದು ಸುಮಾರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಳ್ಳಾರಿ, ಕೊಪ್ಪಳದಲ್ಲಿ ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ, ಜೂನ್, ಜುಲೈನಲ್ಲಿ ದಕ್ಷಿಣದ ಬಾಗಿಲು ಹಿಡಿಯಿರಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಉತ್ತರದ ಬಾಗಿಲು ನಂಬಿಕಸ್ಥ. ನಡುವಿನ ತಿಂಗಳುಗಳಲ್ಲಿ ಹೊತ್ತು ನೋಡಿಕೊಂಡು ಬದಲಿಸಿ.

ನೆಲವನ್ನೂ ನೋಡಿ. ಬಳ್ಳಾರಿ ಕಡೆಯ ಕೆಂಪು ಮಣ್ಣಿನ ಅಂಗಳಕ್ಕೆ ಬಿಸಿಲು ಬಿದ್ದರೆ, ಅಲ್ಲಿಂದ ಪುಟಿದ ಕೆಂಪು ಬೆಳಕು ಪಡಸಾಲೆಯೊಳಗಿನ ಬಿಳಿ ಸೀರೆಗೂ ಬಣ್ಣ ಬಳಿಯುತ್ತದೆ. ಬಣ್ಣ ಹಚ್ಚಿದ ಗೋಡೆಯೂ ಅಷ್ಟೇ. ಬಾಗಿಲ ಮುಂದೆ ಬಿಳಿ ಪಂಚೆ ಹಾಸಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ಫೋಟೋ ತೆಗೆಯುವವರ ಅಂಗಿಯೂ ಕಡು ಬಣ್ಣದ್ದಾಗಿರದಿದ್ದರೆ ಒಳ್ಳೆಯದು. ಒಳಗಿನ ಎಲ್‌ಇಡಿ ಬಲ್ಬ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಆಮೇಲೆ ಆ್ಯಪ್‌ನಲ್ಲಿ ಸರಿಪಡಿಸುವುದು ಬಹಳ ಕಷ್ಟ.

ಹಂತ 5: ಬಟ್ಟೆಗೆ ತಕ್ಕ ಬೆಳಕು

*ಇಳಕಲ್ ಸೀರೆ.* ಇದೇ ಎಲ್ಲಕ್ಕಿಂತ ಕಷ್ಟ. ಮೈ ಹತ್ತಿಯದು, ಸೆರಗು ರೇಷ್ಮೆಯದು ಇದ್ದರೆ ಒಂದೇ ಸೀರೆಯಲ್ಲಿ ಮಂದ ಬಟ್ಟೆ, ಹೊಳೆಯುವ ಬಟ್ಟೆ ಎರಡೂ ಇದ್ದ ಹಾಗೆ. ಮೈಯ ಹಾಸಿನ ನೂಲಿಗೆ ಸೆರಗಿನ ಹಾಸಿನ ನೂಲನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್‌ನ ವಿಶೇಷ. ಎರಡರ ಹಾಸೂ ಒಂದೇ ದಿಕ್ಕಿಗೆ ಓಡುತ್ತದೆ. ಹಾಗಾಗಿ ಮೊದಲ ಫೋಟೋಗೆ ಸೀರೆಯ ಉದ್ದದ ಕಡೆಯಿಂದ ಬೆಳಕು ಬರಲಿ. ಸೆರಗಿನ ಹಾಸಿನ ಹೊಳಪು ಆಚೆ ಹೋಗಿ, ಸೆರಗಿನ ಕೆಂಪು ಬಣ್ಣ ಕೆಂಪಾಗಿಯೇ ಉಳಿಯುತ್ತದೆ. ಸೆರಗಿನಲ್ಲಿ ಹೊಕ್ಕೂ ರೇಷ್ಮೆ ಇದ್ದರೆ ಸ್ವಲ್ಪ ಹೊಳಪು ಉಳಿದೇ ಉಳಿಯುತ್ತದೆ. ಎರಡನೇ ಫೋಟೋಗೆ ಸೆರಗನ್ನಷ್ಟೇ ಕಾಲು ಸುತ್ತು ತಿರುಗಿಸಿ, ದಡಿಯ ಕಡೆಯಿಂದ ಬೆಳಕು ಬಿಡಿ. ಇದು ರೇಷ್ಮೆಯ ಹೊಳಪು ತೋರಿಸುವ ಫೋಟೋ. ತೆನೆ ಸೆರಗಿನ (ಕೆಂಪಿನ ನಡುವೆ ಬಿಳಿ ವಿನ್ಯಾಸವಿರುವ ಸೆರಗು) ಬಿಳಿ ಭಾಗ ಸುಟ್ಟು ಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಗಿರಾಕಿಗೆ ಎರಡನ್ನೂ ಕಳಿಸಿ. ಹೊಳಪಿನದೊಂದನ್ನೇ ಕಳಿಸಿದರೆ ಬಣ್ಣದ ಜಗಳ ಬರುತ್ತದೆ, ಬಣ್ಣದ್ದೊಂದನ್ನೇ ಕಳಿಸಿದರೆ ಇದು ರೇಷ್ಮೆ ಅಂತಲೇ ಗೊತ್ತಾಗುವುದಿಲ್ಲ.

*ಡಬಲ್ ಕಲರ್.* ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಬಟ್ಟೆ ಇದು. ಒಂದು ದಿಕ್ಕಿನ ಬೆಳಕಿಗೆ ಒಂದರ ಹೊಳಪು ಮುಂದೆ ಬರುತ್ತದೆ, ತಿರುಗಿಸಿದರೆ ಇನ್ನೊಂದರದು. ಸಪಾಟಾಗಿ ಹಾಸಿ ಒಂದೇ ಫೋಟೋ ತೆಗೆದರೆ ಅರ್ಧ ಬಣ್ಣ ಕಳೆದಂತೆಯೇ. ನೆರಿಗೆ ಹಿಡಿದು ಇಡಿ. ಪ್ರತಿ ನೆರಿಗೆಯ ಮೈ ಬೆಳಕಿಗೆ ಬೇರೆ ಬೇರೆ ಕೋನದಲ್ಲಿ ನಿಂತು ಎರಡೂ ಬಣ್ಣ ಒಟ್ಟಿಗೆ ಸಿಗುತ್ತವೆ. ಅದಕ್ಕಿಂತಲೂ ಒಳ್ಳೆಯದು ಸಣ್ಣ ವಿಡಿಯೊ: ಕೈಯಲ್ಲಿ ಹಿಡಿದು ನಿಧಾನಕ್ಕೆ ಅಲ್ಲಾಡಿಸಿದರೆ ಸಾಕು.

*ಜೀನ್ಸ್.* ಡೆನಿಮ್‌ನಲ್ಲಿ ಮೂರು ಮೇಲೆ ಒಂದು ಕೆಳಗೆ ಹೋಗುವ ಹಾಸೇ ಮುಂದೆ ಇರುತ್ತದೆ. ಹಾಗಾಗಿ ಮುಂಭಾಗ ನೀಲಿ, ಒಳಭಾಗ ಬಿಳಿಚು. ಇಂಡಿಗೊ ಬಣ್ಣ ನೂಲಿನ ನಡುವಿನ ತನಕ ಇಳಿಯದೆ ಹೊರಗಿನ ಸುತ್ತಿನಲ್ಲೇ ನಿಲ್ಲುತ್ತದೆ. ಕಲ್ಲು ಹಾಕಿ ಅಥವಾ ಎನ್‌ಜೈಮ್ ಹಾಕಿ ಒಗೆದಾಗ ಹೊರಪದರ ಸವೆದು ಬಿಳಿ ಒಳಗು ಇಣುಕುತ್ತದೆ. ತೊಡೆ, ಮಂಡಿಯ ಮೇಲೆ ವಾಶಿಂಗ್‌ನವರು ಪಟ್ಟ ಶ್ರಮವೆಲ್ಲ ಈ ಸಣ್ಣ ಏರಿಳಿತದಲ್ಲಿದೆ. ಅದು ಕಾಣಬೇಕಾದರೆ ಬೆಳಕು ಓರೆ ಗೆರೆಯನ್ನು ಅಡ್ಡ ದಾಟಬೇಕು. ಹೆಚ್ಚಿನ ಜೀನ್ಸ್‌ನಲ್ಲಿ ಈ ಗೆರೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತದೆ. ಅಂಥದಕ್ಕೆ ಎಡ ಮೇಲ್ಗಡೆಯಿಂದ, ಸ್ವಲ್ಪ ತಗ್ಗಿದ ಬೆಳಕು ಬಿಡಿ. ಬಲ ಮೇಲ್ಗಡೆಯಿಂದ ಬಿಟ್ಟರೆ ಬೆಳಕು ಗೆರೆಯ ಉದ್ದಕ್ಕೇ ಹರಿದು ಪ್ಯಾಂಟ್ ಬೋಳಾಗಿ ಕಾಣುತ್ತದೆ. ನಿಮ್ಮ ಬಟ್ಟೆಯ ಗೆರೆ ಎತ್ತ ಏರುತ್ತದೆ ಅಂತ ಮೊದಲು ನೋಡಿಕೊಳ್ಳಿ, ಉಲ್ಟಾ ಇದ್ದರೆ ಬೆಳಕೂ ಉಲ್ಟಾ.

*ಜರಿ.* ಜರಿಗೆ ಪ್ರತಿಫಲಿಸಲು ಏನಾದರೂ ಬೇಕು. ಸುತ್ತ ಕತ್ತಲೆ ಇದ್ದರೆ ಅದು ಕಪ್ಪಾಗುತ್ತದೆ. ಬೆಳಕಿನ ಎದುರು ಬದಿಯಲ್ಲಿ ಬಿಳಿ ಪಂಚೆ ಎತ್ತಿ ಹಿಡಿಸಿ, ಜರಿ ಜೀವ ಪಡೆಯುತ್ತದೆ. ರೇಷ್ಮೆಯ ಮೇಲಿನ ಬಿಳಿ ಹೊಳಪು ಜಾಸ್ತಿ ಅನ್ನಿಸಿದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದನ್ನು ಲೆನ್ಸ್ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ರೇಷ್ಮೆಯ ಹೊಳಪು ತಗ್ಗಿ ಬಣ್ಣ ಗಾಢವಾಗುತ್ತದೆ. ಜರಿ ಲೋಹವಾದ್ದರಿಂದ ಹೆಚ್ಚು ಬದಲಾಗುವುದಿಲ್ಲ. ಎಳೆಗಳು ದುಂಡಗಿರುವುದರಿಂದ ಹೊಳಪು ಪೂರ್ತಿ ಹೋಗುವುದಿಲ್ಲ, ಹೋಗಲೂ ಬಾರದು. ಗ್ಲಾಸಿನ ಬಣ್ಣ ಫೋಟೋಗೆ ಬರುತ್ತದೆ, ಅದನ್ನು ಮುಂದಿನ ಹಂತದಲ್ಲಿ ತೆಗೆಯಿರಿ.

ಹಂತ 6: ಫೋನಿಗೆ ಬುದ್ಧಿ ಹೇಳಿ

ಫೋನಿನ ಲೆಕ್ಕದಲ್ಲಿ ಎಲ್ಲ ದೃಶ್ಯವೂ ಸರಾಸರಿ ಬೂದು. ಬಿಳಿ ಸೀರೆ ತುಂಬಿದ ಫೋಟೋವನ್ನು ಅದು ಮಂಕಾಗಿಸುತ್ತದೆ, ಕಪ್ಪು ಚಂದ್ರಕಾಳಿ ಸೀರೆಯನ್ನು ಬೂದಾಗಿಸುತ್ತದೆ. ಬಿಳಿಗೆ ಎಕ್ಸ್‌ಪೋಶರ್ ಏರಿಸಿ, ಕಪ್ಪಿಗೆ ಇಳಿಸಿ. ಬ್ಯೂಟಿ ಮೋಡ್, ಫಿಲ್ಟರ್ ಎಲ್ಲ ಬಂದ್ ಮಾಡಿ. ಫ್ರೇಮಿನ ಮೂಲೆಯಲ್ಲಿ ಬಿಳಿ ಹಾಳೆಯ ತುಂಡು ಇಟ್ಟು ತೆಗೆಯಿರಿ. ಎಡಿಟ್ ಮಾಡುವಾಗ ಹಾಳೆ ಬೆಳ್ಳಗೆ ಆಗುವ ತನಕ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಛಾಯೆ ತೆಗೆಯುವ ಸೆಟ್ಟಿಂಗ್) ಸರಿಸಿ, ಆಮೇಲೆ ಹಾಳೆ ಕತ್ತರಿಸಿಬಿಡಿ. ಸಣ್ಣ ಚೌಕಡಿ, ಸಣ್ಣ ಗೆರೆಯ ಬಟ್ಟೆಯಲ್ಲಿ ಇಲ್ಲದ ಅಲೆಗಳು ಕಂಡರೆ ಅದು ನೂಲಿನ ಜಾಲ ಮತ್ತು ಕ್ಯಾಮೆರಾದ ಜಾಲ ಒಂದರ ಮೇಲೊಂದು ಕೂತಿದ್ದರಿಂದ. ಒಂದು ಹೆಜ್ಜೆ ಹಿಂದೆ ಸರಿಯಿರಿ ಅಥವಾ ಫೋನ್ ಸ್ವಲ್ಪ ಓರೆ ಮಾಡಿ.

ಹಂತ 7: ಕಳಿಸುವ ಮುಂಚೆ

ಫೋಟೋವನ್ನು ಬೇರೆಯವರ ಫೋನಿಗೆ ಕಳಿಸಿ. ಆ ಫೋನನ್ನೂ ಸೀರೆಯನ್ನೂ ಅದೇ ನೆರಳಿನ ಬಾಗಿಲಲ್ಲಿ ಪಕ್ಕ ಪಕ್ಕ ಹಿಡಿದು, ಫೋಟೋ ತೆಗೆಯದ ಒಬ್ಬರಿಗೆ ತೋರಿಸಿ ಕೇಳಿ. ಆಮೇಲೆ ಅದೇ ಸೀರೆಯನ್ನು ಟ್ಯೂಬ್‌ಲೈಟ್ ಕೆಳಗೆ ಒಯ್ದು ನೋಡಿ. ಹಗಲಲ್ಲಿ ಒಂದೇ ಥರ ಕಾಣುವ ಎರಡು ನೂಲುಗಳು ಬಲ್ಬಿನ ಕೆಳಗೆ ಬೇರೆಯಾಗಿ ಕಾಣಬಹುದು. ದಡಿ ಮತ್ತು ಬ್ಲೌಸ್ ಪೀಸಿನ ವಿಷಯದಲ್ಲಿ ಇದು ಜಾಸ್ತಿ. ಹಾಗೆ ಕಂಡರೆ ಫೋಟೋದ ಕೆಳಗೆ ಒಂದು ಸಾಲು ಬರೆಯಿರಿ: “ಹಗಲು ಬೆಳಕಿನಲ್ಲಿ ತೆಗೆದ ಫೋಟೋ. ಮನೆಯ ಲೈಟಿನಲ್ಲಿ ದಡಿ ಸ್ವಲ್ಪ ಕಡು ಕಾಣುತ್ತದೆ.” ನಿಮ್ಮ ಸೀರೆಯಲ್ಲಿ ಏನು ಕಂಡಿತೋ ಅದನ್ನೇ ಬರೆಯಿರಿ.